ಹೌಲದಿಲಿ

"ಇದು ನಂದಲ್ಲ ತಮ್ಮಾ," ಅನ್ನುತ್ತ ಗುರುಸಿದ್ದವ್ವ ಕೊರಳಿನ ಕರಿದಾರ ಬಿಚ್ಚಿ, ಬೆಳ್ಳಿಯ ಕಟ್ಟಿನಲ್ಲಿ ಕೂತ ಹಸಿರು ಕಲ್ಲನ್ನು ಒಡವೆ ಬಡಿಯುವ ಐರಣಿಯ ಕಬ್ಬಿಣದ ಮೇಲೆ ಇಟ್ಟಳು. "ಮೂರು ತಿಂಗಳು ಎದಿಮ್ಯಾಲ ಹಾಕ್ಕೊಂಡು ನೋಡೀನಿ. ಇದು ಬೆಚ್ಚಗಾಗ್ತೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕಸಾಲಿಗ ಧರಣೇಂದ್ರನ ಕೈ ತನ್ನಷ್ಟಕ್ಕೆ ತಾನೇ ಎದೆಗೆ ಹೋಯಿತು. ಹೋದ ಕೈಯನ್ನು ಸುಮ್ಮನೆ ಹಿಂದಕ್ಕೆ ತರುವುದು ಹೇಗೆಂದು ತಿಳಿಯದೆ ಅಂಗಿಯ ಗುಂಡಿ ಹಾಕಿಕೊಂಡ. ಚೈತ್ರದ ಬಿಸಿಲು, ಪಕ್ಕದಲ್ಲಿ ಬೆಳ್ಳಿ ಕರಗಿಸುವ ಭಟ್ಟಿ. ಬೆಳ್ಳಿ ಕೆಲಸದ ಊರಾದ ಹುಪರಿಯಲ್ಲಿ ಅಂಥ ಹೊತ್ತಿನಲ್ಲಿ ಗುಂಡಿ ಬಿಚ್ಚುವವರೇ ಹೊರತು ಹಾಕುವವರಿಲ್ಲ. ಒಳಕೋಣೆಯಲ್ಲಿ ಮಗ ಜಿನಪಾಲನ ಪಾಲೀಶ್ ಮಷೀನು ಗುರ್ ಎನ್ನುತ್ತಿತ್ತು.

ಗುರುಸಿದ್ದವ್ವ ಗಡಹಿಂಗ್ಲಜ ತಾಲೂಕಿನ ನೂಲದವಳು. ಮೂರು ಬಸ್ಸು ಹತ್ತಿ ಇಳಿದು ಒಬ್ಬಳೇ ಬಂದಿದ್ದಳು. ಹೆಂಗಸರಿಗೆ ಅರ್ಧ ತಿಕೀಟು, ಎಪ್ಪತ್ತೈದು ದಾಟಿದವರಿಗೆ ಎಸ್‌ಟಿ ಬಸ್ಸು ಪುಕ್ಕಟೆ, ಅದರ ಜೊತೆಗೆ ಬರುವ ಸೊಂಟನೋವೂ ಪುಕ್ಕಟೆ. ಅವಳು ತಂದದ್ದು ಹೌಲದಿಲಿ, ಎಂದರೆ ಎದೆ ಹಾರುವ ರೋಗಕ್ಕೆ ಕೊರಳಿಗೆ ಕಟ್ಟುವ ಕಲ್ಲು. ಎಂದೋ ಮಿರಜಿನ ಒಬ್ಬ ಹಕೀಮ ಅವಳ ಅತ್ತೆಗೆ ಕೊಟ್ಟದ್ದು, ಅತ್ತೆ ಸಾಯುವಾಗ ಸೊಸೆಯ ಕೊರಳಿಗೆ ಹಾಕಿ ಹೋದದ್ದು. ಐವತ್ತು ವರ್ಷ ಅದು ಅವಳ ಲಿಂಗದ ಕರಡಿಗೆಯ ಪಕ್ಕದಲ್ಲೇ ತೂಗಿತ್ತು. ಗಡಹಿಂಗ್ಲಜದ ಡಾಕ್ಟರು ಬರೆದ ಗುಳಿಗೆಯನ್ನೂ ನುಂಗುತ್ತಿದ್ದಳು, ಕಲ್ಲನ್ನೂ ಕಟ್ಟಿಕೊಳ್ಳುತ್ತಿದ್ದಳು. ಯಾವುದರ ಪುಣ್ಯ ಎಷ್ಟು ಎಂದು ಲೆಕ್ಕ ಹಾಕಲು ಹೋದವಳಲ್ಲ. ಕೊಂಡಿ ಸವೆದಿದೆಯೆಂದು ದೀಪಾವಳಿ ಮುಗಿದ ಮೇಲೆ ಧರಣೇಂದ್ರನಿಗೆ ಕೊಟ್ಟಿದ್ದಳು. ಅವನು ಹಿಂದಿರುಗಿಸಿದ್ದು ಸಂಕ್ರಾಂತಿಗೆ. ನಡುವೆ ಅವನ ಹೆಂಡತಿ ರತ್ನಮಾಲಾ ತೀರಿಕೊಂಡಿದ್ದಳು. ಹಾಗಾಗಿ ತಡವಾದದ್ದಕ್ಕೆ ಗುರುಸಿದ್ದವ್ವ ಚಕಾರ ಎತ್ತಿರಲಿಲ್ಲ.

"ಬ್ಯಾಸಗಿ ಐತಲ್ರೀ ಆಯಿ," ಎಂದ ಧರಣೇಂದ್ರ. "ಕಲ್ಲು ಬೆಚ್ಚಗಾಗದ ಏನ ಮಾಡ್ತೈತಿ?"

"ಐವತ್ತು ಬ್ಯಾಸಗಿ ನಾನೂ ನೋಡೀನಿ. ನಂದು ಹಾಕ್ಕೊಂಡ ಮ್ಯಾಲ ಎಷ್ಟೋ ಹೊತ್ತು ತಣ್ಣಗ ಇರ್ತಿತ್ತು, ಬಾವಿ ನೀರಾಗ ಕೈ ಇಟ್ಟಂಗ. ಇದು ಹಾಕೂ ಪುರಸತ್ತಿಲ್ಲ, ಬೆಚ್ಚಗ, ಹಂಚಿನ ಮ್ಯಾಲಿನ ರೊಟ್ಟಿ ಹಂಗ. ರೊಟ್ಟಿ ಕಟ್ಕೊಂಡ್ರ ಎದಿ ಹಾರೂದು ನಿಂದರ್ತೈತೇನು?"

ಅವಳು ದಾರ ಹಿಡಿದು ಕಲ್ಲನ್ನು ಗಾಳಿಯಲ್ಲಿ ತೂಗಿಸಿ, ಅಲ್ಲೇ ಇದ್ದ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದಳು. ಟಪ್ ಎಂದಿತು.

"ಕೇಳಿದ್ಯಾ? ನಂದು ಟಿಣ್ ಅಂತಿತ್ತು. ಮೊಮ್ಮಕ್ಕಳು ಅದನ್ನ ಬಡದು ಬಡದು ಆಡ್ತಿದ್ವು."

"ಹೊಸಾ ಬೆಳ್ಳಿ ದಪ್ಪ ಆಗೈತ್ರಿ, ಅದಕ್ಕ ದನಿ ಮುಚ್ಚೈತಿ. ಕಲ್ಲು ಅದೇ ಐತಿ."

ಬೆಣ್ಣೆಯಲ್ಲಿಯ ಕೂದಲು ತೆಗೆದಷ್ಟು ಸಲೀಸಾಗಿ ಸುಳ್ಳು ಬಂತು. ಜೀವಮಾನದಲ್ಲಿ ಗಿರಾಕಿಗೆ ಒಂದು ಗುಂಜಿ ಬೆಳ್ಳಿ ಕಡಿಮೆ ಕೊಡದವನು ಅವನು. ಗುರುಸಿದ್ದವ್ವ ಅವನ ಮುಖವನ್ನೇ ನೋಡಿದಳು.

"ಖರೇ ಹೇಳ್ತಿಯೇನು?"

"ಖರೇನ ರೀ."

ಅವಳು ಸುತ್ತಿಗೆಯನ್ನು ಇದ್ದಲ್ಲೇ ಇಟ್ಟಳು. "ನನ್ನ ಮಗಾ ಸಿದ್ಧಲಿಂಗನೂ ಇದನ್ನ ಅಂದಾ. ಅವ್ವಾ, ಕಲ್ಲು ಅದೇ, ನಿನಗ ಅರಳು ಮರಳು ಅಂದಾ. ಹ್ವಾದ ತಿಂಗಳು ಹಾಲಿನ ಬೋಗಾಣಿ ಒಲಿಮ್ಯಾಲ ಮರತೆ. ಅದನ್ನೂ ಇದನ್ನೂ ಕೂಡಿಸಿ, ನನ್ನ ಸೊಂಟದಾಗಿನ ಕೀಲಿ ಸೊಸಿ ಸೊಂಟಕ್ಕ ಹೋತು. ಈಗ ಕೊಲ್ಲಾಪುರಕ್ಕ ಒಯ್ದು ತಲಿ ಡಾಕ್ಟರಿಗೆ ತೋರಸೂಣು ಅನ್ನಾಕತ್ಯಾರ. ಗುಡಿಗೆ ಹೋಗಿ ಬರತೇನಿ ಅಂತ ಮಗಗ ಸುಳ್ಳ ಹೇಳಿ ಬಂದೇನಿ ತಮ್ಮಾ. ಹುಪರಿ ಧರಣೇಂದ್ರ ಒಬ್ಬಾಂವ ಇದ್ದದ್ದು ಇದ್ದಂಗ ಹೇಳ್ತಾನ, ಅವರಪ್ಪನೂ ಹಂಗ ಇದ್ದಾ ಅಂತ ಬಂದೆ."

ಅವಳು ತನ್ನ ಬಲಗೈಯನ್ನು ತಿರುಗಿಸಿ, ಅದು ಬೇರೆ ಯಾರದೋ ಎಂಬಂತೆ ಅಂಗೈ ನೋಡಿಕೊಂಡಳು.

"ಹಂಗಾದ್ರ ಈ ಕೈನೂ ಸುಳ್ಳ ಹೇಳಾಕತ್ತೈತಿ. ನನ್ನ ತಲಿ ಹೋಗೇತಿ, ಖರೇ."

ಆಗ ಅವನು ಹೇಳಬೇಕಿತ್ತು. ಆದರೆ ಗುಂಡಿ ಹಾಕಿದ ಅಂಗಿಯೊಳಗೆ, ಬನಿಯನ್ನಿನ ಕೆಳಗೆ, ಅವಳ ಅಸಲಿ ಕಲ್ಲು ಅವನ ಎದೆಯ ಮೇಲಿತ್ತು. ಅಷ್ಟು ಸೆಕೆಯಲ್ಲೂ ತಣ್ಣಗಿತ್ತು. ಅದನ್ನು ಕೊಟ್ಟುಬಿಟ್ಟರೆ ರತ್ನಮಾಲಾಳದು ಎನ್ನಲು ಈ ಲೋಕದಲ್ಲಿ ಅವನಿಗೆ ಏನೂ ಉಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ರೂಢಿಯಿತ್ತು. ದುರಸ್ತಿಗೆ ಬಂದ ಕೊರಳಿನ ಒಡವೆಯನ್ನು ಹಾಗೇ ಗಿರಾಕಿಗೆ ಕೊಡುತ್ತಿರಲಿಲ್ಲ. ಮನೆಯ ಹೆಂಗಸು ಒಂದು ದಿನ ಅದನ್ನು ಹಾಕಿಕೊಂಡು ಓಡಾಡಬೇಕು, ನೀರು ತುಂಬಬೇಕು, ಕಸ ಗುಡಿಸಬೇಕು. ಕೊಂಡಿ ಚರ್ಮ ಕಚ್ಚುತ್ತದೋ, ಸೆರಗಿನ ಎಳೆ ಹಿಡಿಯುತ್ತದೋ ಗೊತ್ತಾಗುವುದು ಆಗಲೇ. ಧರಣೇಂದ್ರನ ತಾಯಿ ಮಾಡುತ್ತಿದ್ದ ಕೆಲಸ, ಆಮೇಲೆ ಮೂವತ್ತು ವರ್ಷ ರತ್ನಮಾಲಾ ಮಾಡಿದಳು. ಊರೂರಿನ ಹೆಂಗಸರ ಒಡವೆಗಳು ಅವಳ ಕೊರಳಲ್ಲಿ ಒಂದೊಂದು ದಿನ ಇದ್ದು ಹೋಗಿದ್ದವು. "ದಿನಕ್ಕೊಂದು ಮನಿ ಸೊಸಿ ಆಗ್ತೇನಿ ನಾ," ಎಂದು ನಗುತ್ತಿದ್ದಳು.

ಹೌಲದಿಲಿಯನ್ನು ಮಾತ್ರ ಅವಳು ಒಂದು ದಿನಕ್ಕೆ ತೆಗೆಯಲಿಲ್ಲ. ಮೂರನೆಯ ದಿನ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ ಧರಣೇಂದ್ರ ಅಂದ: "ತಗೀ ಅದನ್ನ, ಗಿರಾಕಿದು."

"ಇನ್ನೊಂದ ದಿನಾ ಇರ್ಲಿರೀ. ಎದಿ ತಣ್ಣಗ ಅನಸ್ತೈತಿ."

"ಮಂದಿ ಮಾಲಿನ ಮ್ಯಾಲ ಆಸೆ ಬ್ಯಾಡ. ತಗೀ ಅಂದ್ರ ತಗೀ."

ಎದೆಗೆ ತಂಪು ಯಾಕೆ ಬೇಕಾಯಿತು ಎಂದು ಅವನು ಕೇಳಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿಕೊಂಡ. ಮರುದಿನ ಬೆಳಿಗ್ಗೆ ಅವಳು ನಲ್ಲಿಯ ಬಳಿ ಬಿದ್ದಳು. ಇಚಲಕರಂಜಿಯ ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಎದೆಯ ತ್ರಾಸು ಬಹಳ ದಿನದಿಂದ ಇದ್ದಿರಬೇಕು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವೇ ಎಂದು ಅಲ್ಲಿಯ ಡಾಕ್ಟರು ಕೇಳಿದರು. ಇಲ್ಲ ಎಂದು ಜಿನಪಾಲ ಅಳುತ್ತ ತಲೆಯಾಡಿಸಿದ. ಅವಳು ಹೇಳಿದ್ದಳು, ಊಟದ ತಾಟಿನ ಮುಂದೆ, ಒಂದೇ ಸಲ.

ಮುತ್ತೈದೆಯಾಗಿ ಹೋದವಳು, ಕೊರಳಿನದು ಕೊರಳಲ್ಲೇ ಇರಲಿ ಎಂದು ಹೆಂಗಸರು ಕರಿಮಣಿಯ ಜೊತೆ ಆ ಕರಿದಾರವನ್ನೂ ಬಿಟ್ಟಿದ್ದರು. ಚಿತೆಯ ಮೇಲೆ ಸೆರಗು ಸರಿದು ಕಲ್ಲಿನ ಹಸಿರು ಅಂಚು ಧರಣೇಂದ್ರನ ಕಣ್ಣಿಗೆ ಬಿತ್ತು. ಗಿರಾಕಿಯ ಮಾಲು, ಒಂದು ಮಾತು ಅಂದಿದ್ದರೆ ಯಾರಾದರೂ ತೆಗೆದುಕೊಡುತ್ತಿದ್ದರು. ಆದರೆ ತಗೀ ಎಂದು ಅವಳಿಗೆ ಹಿಂದಿನ ಸಂಜೆ ಅಂದಾಗಿತ್ತು. ಎರಡನೆಯ ಸಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಹಾಗೇ ಬೆಂಕಿ ಇಟ್ಟ.

ಮೂರನೆಯ ದಿನ ಬೂದಿ ಕೂಡಿಸಲು ಹೋದಾಗ ಕಟ್ಟಿನ ಬೆಳ್ಳಿ ಕರಗಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಅದರ ಪಕ್ಕದಲ್ಲಿ ಎಲುಬಿನ ಚೂರೆಂದು ಎತ್ತಿಕೊಂಡದ್ದು ಕೈಗೆ ಭಾರ ಬಂತು. ಕಲ್ಲು ಒಡೆದಿರಲಿಲ್ಲ, ಬಿರುಕೂ ಬಿಟ್ಟಿರಲಿಲ್ಲ. ಹಸಿರು ಮಾತ್ರ ಹೋಗಿ ಎಲುಬಿನದೇ ಬಿಳುಪು ಬಂದಿತ್ತು; ಒಂದು ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಹಸಿರು ಉಳಿದಿತ್ತು. ಸತ್ತವರದೆಂದು ಏನನ್ನೂ ಇಟ್ಟುಕೊಳ್ಳಬಾರದು, ಇಟ್ಟುಕೊಂಡರೆ ಅವರಿಗೂ ಬಿಡುಗಡೆಯಿಲ್ಲ ನಮಗೂ ಇಲ್ಲ ಎನ್ನುವ ಜೈನ ಮನೆತನ ಅವನದು. ಯಾರೂ ನೋಡದಂತೆ ಅದನ್ನು ಜೇಬಿಗೆ ಹಾಕಿಕೊಂಡ.

ಕೊಲ್ಲಾಪುರದ ಗುಜರಿ ಎಂಬ ಚಿನಿವಾರ ಪೇಟೆಯಲ್ಲಿ ನಿಲೇಶನೆಂಬ ಹರೆಯದವನು ಹರಳು ಮಾರುತ್ತಿದ್ದ. ಗಡಹಿಂಗ್ಲಜದ ಕಡೆಯವನು, ಹರಳಿನ ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನು. ಸುಟ್ಟ ಕಲ್ಲನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಉಳಿದ ಹಸಿರಿನ ಮೇಲೆ ಉಕ್ಕಿನ ಸೂಜಿ ಎಳೆದ. ಗೀರು ಬೀಳಲಿಲ್ಲ.

"ಯಶಬ ಐತ್ರಿ ಕಾಕಾ. ನಾವು ನೆಫ್ರೈಟ್ ಅಂತೇವಿ, ಜೇಡ್ ಕಲ್ಲಿನಾಗ ಒಂದ ಜಾತಿ. ಇದನ್ನ ಯಾರೋ ಸುಟ್ಟಾರ. ಭಾಳ ಕಾದ್ರ ಹಿಂಗ ಬೆಳ್ಳಗಾಗ್ತೈತಿ. ಯಾವ ಬೆಂಕ್ಯಾಗ ಬಿದ್ದಿತ್ತು?"

"ಭಟ್ಟ್ಯಾಗ," ಎಂದ ಧರಣೇಂದ್ರ. ಅದು ಮೊದಲನೆಯ ಸುಳ್ಳು.

"ಬ್ಯಾರೇ ಹರಳಾಗಿದ್ರ ಸಿಡದು ಚೂರಾಗ್ತಿತ್ತು. ಇದು ವಜ್ರದಷ್ಟು ಕಠಿಣ ಅಲ್ರಿ, ಸ್ಫಟಿಕದ ಗೀರೂ ಇದರ ಮ್ಯಾಲ ಬೀಳ್ತೈತಿ. ಆದ್ರ ಸುತ್ತಿಗಿಲೆ ಒಡಿಯಾಕ ಹೋಗ್ರಿ, ವಜ್ರ ಒಡದೀತು, ಇದು ಒಡಿಯಂಗಿಲ್ಲ. ಒಳಗ ಕೂದಲಕಿಂತಾ ಸಣ್ಣ ಎಳಿ ಇರ್ತಾವ. ನಮ್ಮ ಇಚಲಕರಂಜಿ ಮಗ್ಗದಾಗ ನೇಯ್ದಂಗ ಸಾಲಹಿಡದು ಅಲ್ಲ, ಕಂಬಳಿ ಉಣ್ಣಿ ಹಂಗ ಒಂದರಾಗ ಒಂದು ಸಿಕ್ಕೊಂಡು ಕುಂತಿರ್ತಾವ. ಬಿಡಸಾಕ ಬರಂಗಿಲ್ಲ."

ಮಾತಾಡುವ ಚಟದವನು ನಿಲೇಶ. ಭೂಮಿಯ ಹೊಟ್ಟೆಯಲ್ಲಿ ಸುಣ್ಣದ ಕಲ್ಲಿನ ಪಕ್ಕಕ್ಕೆ ಕಾದ ಕಲ್ಲು ನುಗ್ಗಿ, ನಡುವೆ ಬಿಸಿನೀರು ಹರಿದು, ಎರಡೂ ಬೆಂದು ಇದು ಹುಟ್ಟುತ್ತದಂ‌ತೆ. ಕೋಟಿಗಟ್ಟಲೆ ವರ್ಷದ ಮೇಲೆ ಗುಡ್ಡ ಸವೆದು ನದಿಗೆ ಬರುತ್ತದಂತೆ. ಹಿಮಾಲಯದ ಆಚೆ ಖೋತಾನ ಎಂಬಲ್ಲಿ ಹಿಂದೆ ಜನ ಬರಿಗಾಲಲ್ಲಿ ನದಿಗಿಳಿದು, ಸಾವಿರ ಕಲ್ಲಿನ ನಡುವೆ ಪಾದದ ಸ್ಪರ್ಶದಿಂದಲೇ ಗುರುತಿಸಿ ಇದೊಂದನ್ನೇ ಎತ್ತುತ್ತಿದ್ದರಂತೆ. ಎಲ್ಲ ಕೇಳಿಕೊಂಡು ಧರಣೇಂದ್ರ, ಇಂಥದೇ ಹಸಿರಿನದು ಒಂದು ಬೇಕು ಎಂದ. ಅಸಲಿ ಅಷ್ಟು ದೊಡ್ಡದು ಸಿಗುವುದು ಕಷ್ಟ, ಹಾಗೇ ಕಾಣುವ ಮಿದು ಕಲ್ಲು ಇದೆ, ಸೂಜಿಗೆ ಗೀರು ಬೀಳುತ್ತದೆ, ಕಣ್ಣಿಗೇನೂ ಗೊತ್ತಾಗುವುದಿಲ್ಲ ಎಂದ ನಿಲೇಶ. ಕೈಗೆ ಗೊತ್ತಾಗುತ್ತದೆಯೇ ಎಂದು ಧರಣೇಂದ್ರ ಕೇಳಲಿಲ್ಲ, ಅದನ್ನೇ ಕೊಂಡ.

ಮನೆಗೆ ಬಂದು ಅಸಲಿಯನ್ನು ದಾರಕ್ಕೆ ಕಟ್ಟಿ ಒಮ್ಮೆ ಬಡಿದು ನೋಡಿದ. ಸುಟ್ಟಿದ್ದರಿಂದ ಸ್ವಲ್ಪ ಮಂಕಾಗಿದ್ದರೂ ಟಿಣ್ ಎಂದಿತು. ಮಷೀನಿನ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ರತ್ನಮಾಲಾ ಚಹಾ ಆದಾಗ ಅಡುಗೆಮನೆಯಲ್ಲಿ ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದಳು. ಅದೇ ದನಿ. ಕಲ್ಲು ಕೈಯಲ್ಲಿ ಹಿಡಿದುಕೊಂಡೇ ಅವನು ಎದ್ದು ಅಡುಗೆಮನೆಯ ಬಾಗಿಲ ತನಕ ಹೋಗಿಬಿಟ್ಟ. ಮಷೀನು ನಿಲ್ಲಿಸಿ ಜಿನಪಾಲನೂ ಕೈ ಒರೆಸಿಕೊಳ್ಳುತ್ತ ಬಂದಿದ್ದ. "ಚಾ ಆತೇನು?" ಎಂದು ಕೇಳಿದವನು, ಕೇಳಿಯಾದ ಮೇಲೆ ಬಿಳಿಚಿಕೊಂಡ. ತಂದೆ ಮಗ ಇಬ್ಬರೂ ತಣ್ಣನೆಯ ಒಲೆಯನ್ನು ನೋಡುತ್ತ ನಿಂತಿದ್ದರು.

ಅಂದಿನಿಂದ ಕಲ್ಲು ಅವನ ಕೊರಳಲ್ಲಿತ್ತು. ಕೆಲವು ಸಲ ಅದರೊಳಗೇ ಏನೋ ಪಟಪಟ ಹಾರಿದಂತೆ ಆಗುತ್ತಿತ್ತು. ತನ್ನದೇ ನಾಡಿ ಇರಬೇಕೆಂದು ಮಣಿಕಟ್ಟು ಹಿಡಿದು ತಾಳೆ ನೋಡುತ್ತಿದ್ದ. ತಾಳೆಯಾಗುತ್ತಿರಲಿಲ್ಲ. ಭಯವಾಗುತ್ತಿತ್ತು, ಆದರೆ ಬಿಚ್ಚಿಡಲು ಮನಸ್ಸು ಬರುತ್ತಿರಲಿಲ್ಲ.

"ನಿನ್ನ ಹೊತ್ತು ಕೆಡಿಸಿದೆ," ಎಂದು ಗುರುಸಿದ್ದವ್ವ ಈಗ ಏಳುತ್ತಿದ್ದಳು. "ಹೆಂಡ್ತಿ ಕಳಕೊಂಡಾಂವನ ಮುಂದ ಕಲ್ಲು ಕಲ್ಲು ಅಂತ ಕುಂತೆ. ಸಿಟ್ಟ ಮಾಡ್ಕೋಬ್ಯಾಡ. ತಲಿ ಕೆಟ್ಟಾಕಿ ಅಂತ ತಿಳಕೊಂಡು ಬಿಡು." ಹಸಿರು ಕಲ್ಲನ್ನು ಕೊರಳಿಗೆ ಹಿಡಿದು ಹಿಂದೆ ಗಂಟು ಹಾಕಲು ನೋಡಿದಳು. "ಗಂಟು ಬೀಳವೊಲ್ದು. ಸ್ವಲ್ಪ ಹಾಕು ತಮ್ಮಾ."

ಧರಣೇಂದ್ರ ಅವಳ ಹಿಂದೆ ನಿಂತು ದಾರದ ಎರಡು ತುದಿ ಹಿಡಿದ. ಕತ್ತಿನ ಸುಕ್ಕಿನಲ್ಲಿ ಐವತ್ತು ವರ್ಷದ ದಾರ ಕೂತು ಕೂತು ಒಂದು ತೆಳ್ಳನೆಯ ಬಿಳಿ ಗೆರೆ ಬಿದ್ದಿತ್ತು. ಆ ಗೆರೆಯ ಮೇಲೆ ಈ ದಾರವನ್ನು ಇಟ್ಟು ಗಂಟು ಹಾಕಿದರೆ ಎಲ್ಲ ಮುಗಿಯುತ್ತಿತ್ತು. ಮುದುಕಿ ತನ್ನ ಊರಿಗೆ ಹೋಗಿ, ಅವರು ಹೇಳಿದ ಡಾಕ್ಟರ ಮುಂದೆ ಹೇಳಿದ ಹಾಗೆ ಕೂರುತ್ತಿದ್ದಳು. ಅವನ ಕೈ ಗಂಟು ಹಾಕಲಿಲ್ಲ. ದಾರ ಬಿಟ್ಟ. ಹಸಿರು ಕಲ್ಲು ನೆಲಕ್ಕೆ ಜಾರಿತು. ಅಂಗಿಯ ಗುಂಡಿ ಬಿಚ್ಚಿ, ತನ್ನ ಕೊರಳಿನದನ್ನು ತೆಗೆದು ಅವಳಿಗೆ ಕಟ್ಟಿದ.

ಗುರುಸಿದ್ದವ್ವನ ಕೈ ಎದೆಗೆ ಹೋಗಿ ಕಲ್ಲನ್ನು ಮುಚ್ಚಿಕೊಂಡಿತು, ಕಣ್ಣೂ ಮುಚ್ಚಿದವು.

"ಬಂತು," ಎಂದಳು. "ಇದೇ. ಇದೇ ನೋಡು." ಆಮೇಲೆ ಬಗ್ಗಿ ನೋಡಿ ಬೆಚ್ಚಿದಳು. "ಅಯ್ಯ ಶಿವನ, ಇದಕ್ಕೇನಾತೋ?"

ಅವಳ ಮುಖ ಕಾಣದ ಹಾಗೆ ಹಿಂದೆ ನಿಂತೇ ಅವನು ಎಲ್ಲವನ್ನೂ ಹೇಳಿದ. ಊಟದ ಹೊತ್ತಿನ ಮಾತನ್ನೂ ಬಿಡಲಿಲ್ಲ. ಅವನು ಮುಗಿಸುವಷ್ಟರಲ್ಲಿ ಮಷೀನಿನ ಸದ್ದು ನಿಂತು, ಜಿನಪಾಲ ಬಾಗಿಲಲ್ಲಿ ನಿಂತಿದ್ದ.

"ಕಲ್ಲು ಸುಟ್ಟದ್ದು ಸುಡ್ಲಿ," ಎಂದಳು ಗುರುಸಿದ್ದವ್ವ. ಸಿಟ್ಟಿನಿಂದ ಅವನ ಕಡೆ ತಿರುಗಿದಳು. "ಈಗ, ಈ ಜಾಗಾದಾಗ, ನನ್ನ ಮಾರಿ ನೋಡಿ ಖರೇನ ಅಂದ್ಯಲ್ಲೋ. ನನ್ನ ಕೈಮ್ಯಾಲ ನನಗಿದ್ದ ನಂಬಿಕಿ ಕಸಗೊಂಡ್ಯಲ್ಲೋ."

"ತಪ್ಪಾತ್ರೀ ಆಯಿ."

"ತಪ್ಪು ನನಗ ಹೇಳಬ್ಯಾಡ. ಫೋನ್ ಹಚ್ಚು."

ಅವಳು ಬಾಯಿಪಾಠ ಹೇಳಿದ ನಂಬರನ್ನು ಅವನು ಒತ್ತಿದ. ಹತ್ತೂ ಅಂಕಿ ಒಂದೂ ತಪ್ಪಲಿಲ್ಲ.

"ಸಿದ್ಧಲಿಂಗಪ್ಪಾರ, ಹುಪರಿಯಿಂದ ಧರಣೇಂದ್ರ ಮಾತಾಡಾಕತ್ತೇನ್ರಿ. ಆಯಿ ಇಲ್ಲೇ ಅದಾರ, ಆರಾಮ ಅದಾರ. ಅವರು ಹೇಳಿದ್ದು ಖರೇ ಐತ್ರಿ. ಕಲ್ಲು ಬ್ಯಾರೇದಿತ್ತು. ಬದಲಿ ಮಾಡಿದಾಂವ ನಾನು. ಅವರ ತಲಿ ಸರಿ ಐತ್ರಿ. ನಮ್ಮಿಬ್ಬರಕಿಂತಾ ಸರಿ ಐತಿ." ಇನ್ನು ನೂಲದಿಂದ ಆಜರಾ ಊರಿನ ತನಕ ತನ್ನ ಹೆಸರು ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಫೋನ್ ಕೆಳಗಿಟ್ಟ.

"ಸುಡುಗಾಡದಾಗಿಂದು ಅದು," ಎಂದ ಆಮೇಲೆ, ನೆಲ ನೋಡುತ್ತ. "ನಿಮ್ಮ ಕೊರಳಿಗೆ ಬ್ಯಾಡ ಅನಸಿದ್ರ, ನಾ ಇಟ್ಕೋತೇನ್ರಿ. ನಿಮಗ ಅಸಲಿ ಹೊಸಾದು ಎಲ್ಲಿದ್ರೂ ಹುಡಕಿ ತರತೇನಿ."

ಬ್ಯಾಡ ಅನ್ನಲಿ ಎಂಬ ಆಸೆ ಅವನ ದನಿಯಲ್ಲೇ ಇತ್ತು. ಅದು ಅವಳಿಗೆ ಕೇಳಿಸಿತು. ಸಿಟ್ಟು ಇಳಿದು ಅವಳು ಮತ್ತೆ ಕೂತಳು.

"ಕಲ್ಲು ಕೊಡಾಕ ಬಂದ ದಿನಾ ನಿನ್ನ ಹೆಂಡ್ತಿ ನನಗ ಚಾ ಕೊಟ್ಟಳು. ನೀ ಒಳಗಿದ್ದಿ. ಆಯಿ, ಇದ ಹಾಕ್ಕೊಂಡ್ರ ಎದಿ ಹಾರೂದು ಖರೇನ ನಿಂದರ್ತೈತೇನ್ರಿ ಅಂತ ಕೇಳಿದ್ಲು. ಹೌದವಾ, ನಿಂದರ್ತೈತಿ ಅಂದೆ." ಗುರುಸಿದ್ದವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಗುಳಿಗಿನೂ ನುಂಗ್ತೇನಿ ಅಂತ ಆಕಿಗೆ ಹೇಳಲಿಲ್ಲ. ಡಾಕ್ಟರ ಕಡೆ ಹೋಗು ಅಂತನೂ ಅನ್ನಲಿಲ್ಲ. ಚಾ ಕುಡದು ಎದ್ದು ಹ್ವಾದೆ."

ಭಟ್ಟಿಯಲ್ಲಿ ಕೆಂಡ ಚಟ್ ಎಂದಿತು.

"ನಿಮ್ಮಂದೀನ ಸುಡ್ತೀರಿ, ನಮ್ಮನ್ನ ಹುಗೀತಾರ," ಎಂದಳು. "ಈ ಕಲ್ಲು ಆಕಿ ಕೂಡ ಬೆಂಕಿ ಕಂಡೈತಿ, ನನ್ನ ಕೂಡ ಮಣ್ಣು ಕಾಣ್ಲಿ. ಕೈಯಾಗ ಲಿಂಗ, ಕೊರಳಾಗ ಇದು, ಹಂಗ ಕುಣ್ಯಾಗ ಕುಂಡ್ರಸ್ರಿ ಅಂತ ಮಗಗ ಎಂದೋ ಹೇಳೇನಿ. ನಿನ್ನ ಕಡೆ ಇದ್ರ ನೀ ಆಕಿನ್ನ ಬಿಡಾಂವಲ್ಲ. ಆಕಿ ಹೆಸರೇನಂದಿ?"

"ರತ್ನಮಾಲಾ."

ಗುರುಸಿದ್ದವ್ವ ಬಿಳಿ ಕಲ್ಲನ್ನು ಕುಪ್ಪಸದೊಳಗೆ ಇಳಿಬಿಟ್ಟು, ಮೇಲೆ ಸೆರಗು ಹೊದ್ದು, ಅಂಗೈಯಿಂದ ತಟ್ಟಿದಳು. "ನಡಿಯವಾ ರತ್ನಾ. ಹೊತ್ತಾತು."

ಹಸಿರು ಕಲ್ಲು ನೆಲದ ಮೇಲೇ ಉಳಿಯಿತು. ಧರಣೇಂದ್ರ ಅವಳ ಚೀಲ ಹಿಡಿದು ಸ್ಟ್ಯಾಂಡಿನ ತನಕ ಹೋದ. ಕೊರಳು ಖಾಲಿಯಾಗಿ, ಎದೆಯ ಆ ಜಾಗ ಬೆವರುತ್ತಿತ್ತು. ಕಾಗಲದ ಬಸ್ಸು ನಿಂತಿತ್ತು. ಎರಡು ಜನರ ಸೀಟಿನಲ್ಲಿ ಅವಳನ್ನು ಕೂರಿಸಿ, ಕೆಳಗಿಳಿದು ಕಿಟಕಿಯ ಬಳಿ ನಿಂತ.

ಕಂಡಕ್ಟರ ಬಂದು ಮರಾಠಿಯಲ್ಲಿ ಎಲ್ಲಿಗೆಂದು ಕೇಳಿದ. "ಕುಠಂ, ಆಜಿ?"

"ಕಾಗಲ."

"ಕಿತಿ ಜಣ?"

"ದೋಘೀ," ಎಂದಳು ಗುರುಸಿದ್ದವ್ವ. ಇಬ್ಬರು ಹೆಂಗಸರು.

ಕಂಡಕ್ಟರ ಪಕ್ಕದ ಖಾಲಿ ಜಾಗ ನೋಡಿದ. ಆಮೇಲೆ ಕಿಟಕಿಯ ಹೊರಗೆ ನಿಂತ ಧರಣೇಂದ್ರನನ್ನು ನೋಡಿ, ನಗುತ್ತ, ತೋರುಬೆರಳನ್ನು ತನ್ನ ತಲೆಯ ಹತ್ತಿರ ತಿರುಗಿಸಿ ಹೌದೇನು ಎಂಬಂತೆ ಹುಬ್ಬು ಹಾರಿಸಿದ. ಮುದುಕಿಯೂ ಧರಣೇಂದ್ರನನ್ನೇ ನೋಡುತ್ತಿದ್ದಳು.

"ಬರೋಬರ ಆಹೆ," ಎಂದ ಧರಣೇಂದ್ರ. "ದೋಘೀಚ ಆಹೇತ." ಸರಿ ಇದೆ, ಇಬ್ಬರೇ ಇದ್ದಾರೆ. ಜೇಬಿನಿಂದ ಹಣ ತೆಗೆದು ಕಿಟಕಿಯ ಸಳಿಗಳ ನಡುವೆ ಚಾಚಿದ. "ಆಜೀದು ಪುಕ್ಕಟ. ಇನ್ನೊಬ್ಬಾಕೀದು ಅರ್ಧಾ ತಿಕೀಟ ಕೊಡ್ರಿ."

ಕಂಡಕ್ಟರನ ನಗು ಅಲ್ಲೇ ನಿಂತಿತು. ಮಷೀನು ಕಿರ್ ಎಂದು ಎರಡು ಚೀಟಿ ಕೊಟ್ಟಿತು. ಗುರುಸಿದ್ದವ್ವ ಒಂದನ್ನು ಚೀಲಕ್ಕೆ ಹಾಕಿ, ಇನ್ನೊಂದನ್ನು ಸಣ್ಣಗೆ ಮಡಿಸಿ ಕುಪ್ಪಸದೊಳಗೆ ಕರಿದಾರದ ಬದಿಗೆ ಇಟ್ಟುಕೊಂಡಳು. ಬಸ್ಸು ಹೊರಡುವಾಗ ಯಾರೋ ಒಬ್ಬಳು ಪಕ್ಕದಲ್ಲಿ ಕೂರಲು ಬಂದಳು. ಗುರುಸಿದ್ದವ್ವ ಖಾಲಿ ಸೀಟಿನ ಮೇಲೆ ಅಂಗೈ ಊರಿ, ಇಲ್ಲ ಎಂದು ತಲೆಯಾಡಿಸುತ್ತಿದ್ದುದು ಬಸ್ಸು ತಿರುಗುವ ತನಕ ಕಾಣುತ್ತಿತ್ತು.